ಬಲೆಗಿಂತ ಗಿಡ್ಡ ಹಗ್ಗ

ನಾನು ಮೊದಲ ಸಲ ಕೊಂಡ ಹೆಣಿಗೆಯ ಸರ್ಕ್ಯುಲರ್ ಕಡ್ಡಿ ನಲವತ್ತು ಇಂಚಿನದ್ದು. ಟೋಪಿ ಹೆಣೆಯಲು ಅಷ್ಟುದ್ದದ್ದು ಬೇಡವೆಂದು ಹೇಳಿದವರು ಇದ್ದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಕಟಪಾಡಿಯಲ್ಲಿ ಇಪ್ಪತ್ತು ವರ್ಷಗಳಿಂದ ರವಿಕೆ, ಚೂಡಿದಾರ ಹೊಲಿಯುತ್ತಿರುವವಳು ನಾನು. ಅಳತೆಯ ವಿಷಯದಲ್ಲಿ ಇನ್ನೊಬ್ಬರು ಬುದ್ಧಿ ಹೇಳಿದರೆ ನನಗೆ ಆಗುವುದಿಲ್ಲ. ಬಟ್ಟೆ ಹೆಚ್ಚಾದರೆ ಕತ್ತರಿಸಬಹುದು, ಕಡಿಮೆಯಾದರೆ ಗಿರಾಕಿಯ ಮುಂದೆ ತಲೆ ತಗ್ಗಿಸಬೇಕು. ಆದ್ದರಿಂದ ಉಡುಪಿಯ ಉಲ್ಲನ್ ಅಂಗಡಿಯವರು ಹದಿನಾರು, ಇಪ್ಪತ್ತನಾಲ್ಕು, ಮೂವತ್ತೆರಡು, ನಲವತ್ತು ಇಂಚಿನ ನಾಲ್ಕು ಪ್ಯಾಕೆಟ್‌ಗಳನ್ನು ಗಾಜಿನ ಮೇಜಿನ ಮೇಲೆ ಸಾಲಾಗಿ ಇಟ್ಟಾಗ ನನ್ನ ಕೈ ಸೀದಾ ಕೊನೆಯದಕ್ಕೆ ಹೋಯಿತು. ಇಷ್ಟು ಸುಲಭದ ಕೆಲಸಕ್ಕೆ ಜನ ಯಾಕೆ ತಲೆ ಕೆಡಿಸಿಕೊಳ್ಳುತ್ತಾರೋ ಎಂದುಕೊಂಡು ಬಸ್ ಹತ್ತಿದೆ.

ಕಡ್ಡಿ ಬೇಕಾಗಿದ್ದದ್ದು ನನಗಲ್ಲ, ಅಪ್ಪನಿಗೆ. ಅಪ್ಪ ಕಾಪುವಿನ ಕಡಲ ಬದಿಯಲ್ಲಿ ಬಲೆ ಕಟ್ಟುತ್ತಿದ್ದವರು. ಹರಿದ ಬಲೆ ಸರಿಮಾಡುವುದು, ಹೊಸ ಬಲೆಯನ್ನು ಹಗ್ಗಕ್ಕೆ ಏರಿಸುವುದು, ಇಷ್ಟೇ ಅವರ ಕೆಲಸ. ನಮ್ಮ ಮನೆಯಿಂದ ಐದು ನಿಮಿಷ ನಡೆದರೆ ತಗಡಿನ ಮಾಡಿನ ಒಂದು ಶೆಡ್ ಉಂಟು. ಬಲೆಯ ರಾಶಿಯ ನಡುವೆ ಕಾಲು ಚಾಚಿ ಕೂತು, ಹೆಬ್ಬೆರಳಿಗೆ ನೂಲು ಸಿಕ್ಕಿಸಿಕೊಂಡು, ಬೆಳಗ್ಗಿನಿಂದ ಮಧ್ಯಾಹ್ನದವರೆಗೆ ಹರಟೆ ಹೊಡೆಯುತ್ತ ಕೆಲಸ ಮಾಡುವ ಆರೇಳು ಮಂದಿಯಲ್ಲಿ ಅಪ್ಪನೂ ಒಬ್ಬರು. ಅಮ್ಮ ತೀರಿಕೊಂಡ ಮೇಲಂತೂ ಅವರಿಗೆ ಮನೆಗಿಂತ ಆ ಶೆಡ್ಡೇ ಹೆಚ್ಚು ಹತ್ತಿರವಾಗಿತ್ತು. ಊಟಕ್ಕೆ ಕರೆಯಲು ನಾನು ಎರಡೆರಡು ಸಲ ಫೋನು ಮಾಡಬೇಕಾಗುತ್ತಿತ್ತು.

ಕಳೆದ ವರ್ಷ ಸ್ಟ್ರೋಕ್ ಆಗಿ ಅಪ್ಪನ ಎಡಗೈ ಕೈಕೊಟ್ಟಿತು. ಕಾಲು ಬೇಗ ಸುಧಾರಿಸಿತು, ಕೋಲು ಹಿಡಿದು ನಡೆಯುವಷ್ಟಾಯಿತು. ಮಾತು ಮಾತ್ರ ನಿಧಾನವಾಯಿತು, ಅದಕ್ಕೆ ಅವರೂ ಮಾತಾಡುವುದನ್ನೇ ಕಡಿಮೆ ಮಾಡಿದರು. ಬಲೆ ಕಟ್ಟುವಾಗ ಸೂಜಿ ಓಡಿಸುವುದು ಬಲಗೈಯಾದರೂ ಪ್ರತಿ ಗಂಟನ್ನೂ ಹಿಡಿದು ನಿಲ್ಲಿಸುವುದು ಎಡಗೈಯ ಹೆಬ್ಬೆರಳು. ಆ ಹೆಬ್ಬೆರಳೇ ನಿಲ್ಲದ ಮೇಲೆ ಅಪ್ಪ ಶೆಡ್ಡಿನ ಕಡೆ ಹೋಗಲಿಲ್ಲ. ಜಗಲಿಯ ಕುರ್ಚಿಯನ್ನು ಕಡಲಿನ ದಾರಿಗೆ ಬೆನ್ನು ಮಾಡಿ ತಿರುಗಿಸಿ ಇಟ್ಟುಕೊಂಡರು. ಅವರ ಹಳೆಯ ಜೊತೆಗಾರ, ಶೆಡ್ಡಿನಲ್ಲಿ ಮೂವತ್ತು ವರ್ಷ ಅವರ ಪಕ್ಕದಲ್ಲೇ ಕೂತವರು, ನೋಡಲು ಬಂದಾಗೆಲ್ಲ ಅಪ್ಪ ಕಣ್ಣು ಮುಚ್ಚಿ ನಿದ್ದೆ ಮಾಡುವವರ ಹಾಗೆ ಇದ್ದುಬಿಡುತ್ತಿದ್ದರು. ನಾನು ಕಟಪಾಡಿಗೆ ಹೊರಟು ನಿಂತರೆ ಮಾತ್ರ ಕಣ್ಣು ತೆರೆದು, ಎಷ್ಟು ಹೊತ್ತಿಗೆ ಬರುತ್ತೀ ಎಂದು ಕೇಳುತ್ತಿದ್ದರು. ಹೇಳಿದ ಹೊತ್ತಿಗೆ ಬಾರದಿದ್ದರೆ ಗೇಟಿನ ಹತ್ತಿರ ನಿಂತಿರುತ್ತಿದ್ದರು. ಅಪ್ಪನಿಗೆ ಶೆಡ್ಡಿನಲ್ಲಿ ಮತ್ತೆ ಒಂದು ಜಾಗವಾಗಬೇಕು, ಅದರ ಹೊರತು ನನಗೆ ಬೇರೆ ಏನೂ ಬೇಕಿರಲಿಲ್ಲ.

ವಾರಕ್ಕೆರಡು ಸಲ ಮಣಿಪಾಲದ ಆಸ್ಪತ್ರೆಗೆ ಥೆರಪಿಗೆ ಹೋಗುತ್ತಿದ್ದೆವು. ಕಾಪುವಿನಿಂದ ಉಡುಪಿ, ಅಲ್ಲಿಂದ ಇನ್ನೊಂದು ಬಸ್. ಅಲ್ಲಿ ಮರದ ಹಲಗೆಯ ತೂತುಗಳಿಗೆ ಬಣ್ಣದ ಗೂಟ ಸಿಕ್ಕಿಸಬೇಕು, ರಬ್ಬರ್ ಚೆಂಡು ಹಿಸುಕಬೇಕು. ಥೆರಪಿಯ ಹುಡುಗಿ ಒಳ್ಳೆಯವಳೇ. ಕೈಗೆ ಕೆಲಸ ಕೊಡದಿದ್ದರೆ ಬೆರಳುಗಳು ಮಡಚಿದ ಹಾಗೇ ಉಳಿದುಬಿಡಬಹುದು ಎಂದು ನನ್ನನ್ನು ಬದಿಗೆ ಕರೆದು ಹೇಳಿದಳು. ಅಪ್ಪನಿಗೆ ಗೂಟಗಳನ್ನು ಕಂಡರೆ ಮುಖ ಗಂಟಾಗುತ್ತಿತ್ತು. ಮೂರನೆಯ ತಿಂಗಳು ಹಲಗೆಯನ್ನು ಬಲಗೈಯಿಂದ ದೂಡಿ, ಇದು ಬಾಲವಾಡಿ ಮಕ್ಕಳಿಗೆ, ಇನ್ನು ತಾನು ಬರುವುದಿಲ್ಲ ಎಂದರು.

ಆ ದಿನ ನಮ್ಮ ಪಕ್ಕದಲ್ಲಿ ಕೂತಿದ್ದವರು ಕಾರ್ಕಳದ ಟೀಚರ್. ನಿವೃತ್ತರು, ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಹೆಂಗಸು, ಗಂಡನ ಬೆನ್ನುನೋವಿಗೆ ಅಲ್ಲಿಗೆ ಬರುತ್ತಿದ್ದರು. ಕಾಯುವ ಹೊತ್ತಿನಲ್ಲಿ ಅವರ ಕೈ ಸುಮ್ಮನಿದ್ದದ್ದು ನಾನು ನೋಡಿಲ್ಲ. ಆಸ್ಪತ್ರೆಯಲ್ಲಿ ತಿಂಗಳು ತುಂಬುವ ಮೊದಲೇ ಹುಟ್ಟಿದ ಶಿಶುಗಳಿಗೆ ಉಲ್ಲನ್ ಟೋಪಿ ಹೆಣೆದು ಕೊಡುತ್ತಿದ್ದರು. ಅಪ್ಪ ಹಲಗೆ ದೂಡಿದ್ದನ್ನು ನೋಡಿ ಅವರು ನನ್ನನ್ನು ಕೇಳಿದ್ದು ಒಂದೇ, ಇವರಿಗೆ ಮೊದಲು ಎಂತ ಕೆಲಸ ಎಂದು. ಬಲೆ ಕಟ್ಟುವುದು ಎಂದೆ. "ಹಾಗಾದರೆ ಗೂಟ ಯಾಕೆ ಮಾರಾಯ್ತಿ? ನೂಲು ಕೊಡಿ ಅವರಿಗೆ," ಎಂದರು.

ನನಗೆ ಹೆಣಿಗೆಯ ತಲೆಬುಡ ಗೊತ್ತಿರಲಿಲ್ಲ. ನಮ್ಮ ಸೆಕೆಯಲ್ಲಿ ಉಲ್ಲನ್ ಯಾರಿಗೆ ಬೇಕು? ಟೀಚರ್ ಹತ್ತಿರವೇ ಒಂದಿಷ್ಟು ಕಲಿತು ಬಂದು, ಉದ್ದದ ಎರಡು ನೇರ ಸ್ಟೀಲ್ ಕಡ್ಡಿಗಳನ್ನು ಅಪ್ಪನ ಕೈಗೆ ಕೊಟ್ಟೆ. ಕಡ್ಡಿಯ ತುದಿ ಕುರ್ಚಿಯ ಕೈಗೆ ತಾಗುತ್ತಿತ್ತು. ಹೆಣೆದದ್ದೆಲ್ಲ ಎಡಗೈಯ ಕಡ್ಡಿಯಲ್ಲಿ ತೂಗಿ, ಆ ಭಾರಕ್ಕೆ ಮಣಿಗಂಟು ಬಾಗಿ, ಕಡ್ಡಿ ಜಾರಿ ನೆಲಕ್ಕೆ ಬೀಳುತ್ತಿತ್ತು. ನಾನು ಹೆಕ್ಕಿ ಕೊಡುವುದು, ಅದು ಪುನಃ ಬೀಳುವುದು. ನಾಲ್ಕನೆಯ ಸಲ ಅಪ್ಪ ಹೆಕ್ಕಿಸಿಕೊಳ್ಳಲಿಲ್ಲ, ಗೋಡೆ ನೋಡುತ್ತ ಕೂತರು.

ಟೀಚರಿಗೆ ಹೇಳಿದಾಗ ಅವರು ತಮ್ಮ ಚೀಲದಿಂದ ಸರ್ಕ್ಯುಲರ್ ತೆಗೆದು ತೋರಿಸಿದರು. ಬೆರಳುದ್ದದ ಎರಡು ಕಡ್ಡಿ, ಅವೆರಡನ್ನೂ ಸೇರಿಸುವ ತೆಳ್ಳಗಿನ ನೈಲಾನ್ ವಯರು, ಇಷ್ಟೇ. ಹೆಣೆದದ್ದು ವಯರಿನ ಮೇಲೆ ಸುತ್ತಲೂ ಕೂರುತ್ತದೆ, ಭಾರ ಮಡಿಲಲ್ಲಿ ಇರುತ್ತದೆ, ಕೈ ತುದಿಯನ್ನು ಮಾತ್ರ ಹಿಡಿದರೆ ಸಾಕು. ಬಿಟ್ಟರೂ ನೆಲಕ್ಕೆ ಬೀಳುವುದಿಲ್ಲ. ಟೋಪಿಯಾದರೆ ಸುತ್ತಿ ಸುತ್ತಿ ಹೆಣೆಯುತ್ತ ಹೋಗಬಹುದು, ಹೊಲಿಯುವ ಕೆಲಸವೂ ಇಲ್ಲ. ದಪ್ಪ ಐದು ಮಿಲಿಮೀಟರ್ ಎಂದು ಚೀಟಿಯಲ್ಲಿ ಬರೆದು ಕೊಟ್ಟರು. ಉದ್ದ ಟೋಪಿಯ ಸುತ್ತಳತೆಗಿಂತ ಸ್ವಲ್ಪ ಕಡಿಮೆ ಇರಲಿ ಎಂದೂ ಹೇಳಿದರು. ಕಡಿಮೆ ಎಂದದ್ದು ಅವರ ಬಾಯಿತಪ್ಪು ಎಂದು ನಾನೇ ತಿದ್ದಿಕೊಂಡೆ.

ಹಾಗೆ ಮನೆಗೆ ಬಂದದ್ದು ಆ ನಲವತ್ತು ಇಂಚಿನದ್ದು. ಪ್ಯಾಕೆಟ್ ಒಡೆದರೆ ವಯರು ಸುರುಳಿಯಾಗಿ ಮುದುಡಿಕೊಂಡಿತ್ತು. ಎಳೆದು ಹಿಡಿದರೂ ಬಿಟ್ಟ ಕೂಡಲೇ ಮತ್ತೆ ಸುತ್ತಿಕೊಳ್ಳುತ್ತಿತ್ತು. ನಾನು ಅದರ ಜೊತೆ ಗುದ್ದಾಡುವುದನ್ನು ಅಪ್ಪ ಸ್ವಲ್ಪ ಹೊತ್ತು ನೋಡಿ, "ಬಿಸಿನೀರು," ಎಂದರು. ಅಷ್ಟೇ ಹೇಳಿದ್ದು. ಸ್ನಾನದ ಹಂಡೆಯ ಬಿಸಿನೀರಿಗೆ ಅದ್ದಿ ತೆಗೆದು ಎಳೆದೆ, ವಯರು ನೆಟ್ಟಗಾಯಿತು. ನೈಲಾನಿನ ಬುದ್ಧಿ ಅವರಿಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತು? ಆಮೇಲೆ ಕಡ್ಡಿಯನ್ನು ತೆಗೆದುಕೊಂಡು, ವಯರು ಸೇರುವ ಜಾಗದ ಮೇಲೆ ಬಲಗೈಯ ಹೆಬ್ಬೆರಳ ಉಗುರನ್ನು ಎಳೆದು ನೋಡಿದರು. ಹಗ್ಗಕ್ಕೆ ಹಗ್ಗ ಜೋಡಿಸಿದಲ್ಲಿ ಅವರು ಹಾಗೇ ನೋಡುತ್ತಿದ್ದದ್ದು. ಉಗುರು ಅಲ್ಲಿ ಸಿಕ್ಕಿಬಿತ್ತು. ನೂಲೂ ಹಾಗೇ ಸಿಕ್ಕುತ್ತದೆ ಎನ್ನುವ ಹಾಗೆ ಕಡ್ಡಿಯನ್ನು ವಾಪಸು ಕೊಟ್ಟರು.

ನಾನು ಮಾತ್ರ ಬಿಡಲಿಲ್ಲ. ಮೊದಲ ಸಾಲು ನಾನೇ ಹಾಕಿ, ಸುತ್ತು ಸೇರಿಸಿ ಕೊಟ್ಟರೆ ಮುಂದಿನದು ಅಪ್ಪ ಮಾಡಲಿ ಎಂದು ಯೋಚನೆ. ಸಾಲು ಹಾಕಿದ್ದಾಯಿತು. ಈ ತುದಿಯನ್ನು ಆ ತುದಿಗೆ ಸೇರಿಸಲು ಹೊರಟರೆ ಸೇರುವುದೇ ಇಲ್ಲ. ಉಲ್ಲನ್ ಕಣ್ಣುಗಳೆಲ್ಲ, ಅಂದರೆ ಕಡ್ಡಿಗೆ ಹಾಕಿದ ನೂಲಿನ ಕುಣಿಕೆಗಳೆಲ್ಲ, ವಯರಿನ ಅರ್ಧಕ್ಕೆ ಬಂದು ಮುಗಿಯುತ್ತಿದ್ದವು, ಇನ್ನರ್ಧ ಬರೀ ವಯರು. ಎಳೆದೆ. ಇನ್ನೂ ಎಳೆದೆ. ಮೂರು ಕಣ್ಣು ಜಾರಿದವು. ಕಾರ್ಕಳದ ಟೀಚರನ್ನೂ, ಉಡುಪಿಯ ಅಂಗಡಿಯವರನ್ನೂ ಸೇರಿಸಿ ಬೈದೆ.

"ಹಗ್ಗ ಉದ್ದ ಆಯಿತು," ಎಂದರು ಅಪ್ಪ.

ನಾನು ಸೊಪ್ಪು ಹಾಕಲಿಲ್ಲ, ಎಳೆಯುತ್ತಲೇ ಇದ್ದೆ.

"ಎಂತ ಎಳೆಯುವುದು ನೀನು? ಬಲೆಗಿಂತ ಹಗ್ಗ ಗಿಡ್ಡ ಇರಬೇಕು. ಹಗ್ಗ ಉದ್ದ ಆದರೆ ಬಲೆ ಬಿಗಿದು ಕಣ್ಣು ಮುಚ್ಚಿಕೊಳ್ಳುತ್ತದೆ, ಮೀನು ಎಲ್ಲಿ ಬೀಳುವುದು? ಇಷ್ಟು ವರ್ಷ ಕಡಲ ಬದಿಯಲ್ಲಿ ಇದ್ದು ಅಷ್ಟು ಗೊತ್ತಿಲ್ಲವಾ ನಿನಗೆ?"

ಮನೆಯಲ್ಲಿ ನಮ್ಮದು ತುಳು. ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ಸ್ಟ್ರೋಕ್ ಆದ ಮೇಲೆ ಅಪ್ಪ ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಬೈಸಿಕೊಂಡು ಅಷ್ಟು ಸಂತೋಷಪಟ್ಟದ್ದೂ ಅದೇ ಮೊದಲು. ಟೀಚರ್ ಹೇಳಿದ್ದು ಬಾಯಿತಪ್ಪಲ್ಲ ಎಂದು ಒಪ್ಪಿಕೊಳ್ಳುವುದು ಮಾತ್ರ ಸ್ವಲ್ಪ ಕಷ್ಟವಾಯಿತು.

ಮುಂದಿನ ಸಲ ಅಪ್ಪನನ್ನೇ ಉಡುಪಿಯ ಅಂಗಡಿಗೆ ಕರೆದುಕೊಂಡು ಹೋದೆ. ಆರಿಸುವುದು ಎಂದರೇನೆಂದು ಅಲ್ಲಿ ನೋಡಿದೆ. ಉದ್ದ ಹದಿನಾರು ಇಂಚು, ಅದರಲ್ಲಿ ಚರ್ಚೆಯಿಲ್ಲ. ಸ್ಟೀಲಿನದನ್ನು ತಕ್ಷಣ ಬದಿಗೆ ಸರಿಸಿದರು, ಅದರ ಮೇಲೆ ನೂಲು ಬೇಗ ಜಾರುತ್ತದೆ, ಎಡಗೈ ಹಿಡಿಯುವಷ್ಟರಲ್ಲಿ ಕಣ್ಣು ಹೋಗಿರುತ್ತದೆ. ಪ್ಲಾಸ್ಟಿಕ್ಕಿನದನ್ನು ಬಗ್ಗಿಸಿ ನೋಡಿ ಮೂಗು ಮುರಿದರು. ಬಿದಿರಿನದು ಹಗುರ, ನೂಲನ್ನು ಹಿಡಿದುಕೊಳ್ಳುತ್ತದೆ, ಉಪ್ಪುಗಾಳಿಗೆ ತುಕ್ಕೂ ಬಾರದು. ಬಿದಿರಿನದರಲ್ಲೇ ಐದಾರನ್ನು ಬಿಚ್ಚಿಸಿ, ಪ್ರತಿಯೊಂದರ ಜೋಡಣೆಯ ಮೇಲೂ ಉಗುರು ಎಳೆದರು. ಅಂಗಡಿಯವರ ತಾಳ್ಮೆ ಮುಗಿಯುತ್ತ ಬಂದಿತ್ತು, ನಾನು ಸೀಲಿಂಗ್ ಫ್ಯಾನ್ ನೋಡುತ್ತ ನಿಂತೆ. ಕೊನೆಗೆ ಒಂದರಲ್ಲಿ ಉಗುರು ಎಲ್ಲೂ ನಿಲ್ಲದೆ ಬಿದಿರಿನಿಂದ ವಯರಿಗೆ ಹೋಯಿತು. ಅದನ್ನು ಅಪ್ಪ ಪ್ಯಾಕೆಟ್ಟಿಗೆ ಹಾಕಲು ಬಿಡದೆ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡರು.

ಮೊದಲ ಟೋಪಿ ತನಗೇ ಎಂದರು, ಬೆಳಗ್ಗಿನ ಕಡಲಗಾಳಿಗೆ ಕಿವಿ ಮುಚ್ಚಲು. ಲೆಕ್ಕ ಅವರದ್ದೇ. ತಲೆಯ ಸುತ್ತ ನೂಲು ಹಿಡಿಸಿ ಅಳೆದರು. ನನ್ನಿಂದ ಅಂಗೈಯಗಲದ ಒಂದು ತುಂಡು ಹೆಣೆಸಿ, ಇಂಚಿಗೆ ಎಷ್ಟು ಕಣ್ಣು ಎಂದು ಎಣಿಸಿದರು. ಆಮೇಲೆ ಶುರುಮಾಡಿದರು. ಒಂದು ಸುತ್ತಿಗೆ ಮೊದಲು ಅರ್ಧ ಗಂಟೆ ಹಿಡಿಯುತ್ತಿತ್ತು. ಎಡಗೈಯ ಬೆರಳುಗಳು ಬಿದಿರಿನ ತುದಿಯನ್ನು ಹಿಡಿದು ಬಿಡುವುದು, ಮತ್ತೆ ಹಿಡಿಯುವುದು, ಹಣೆಯಲ್ಲಿ ಬೆವರು. ಕಡ್ಡಿ ಬಿಟ್ಟುಹೋದರೂ ಮಡಿಲಲ್ಲೇ ಇರುತ್ತಿತ್ತು, ನಾನು ಹೆಕ್ಕಿ ಕೊಡಬೇಕಿರಲಿಲ್ಲ. ಅದು ಅವರಿಗೆ ಎಲ್ಲಕ್ಕಿಂತ ದೊಡ್ಡ ಸಮಾಧಾನವಾಗಿತ್ತೆಂದು ಈಗ ಅನಿಸುತ್ತದೆ. ಒಂದು ತಿಂಗಳಾಗುವಾಗ ಒಂದು ಸುತ್ತು ಹತ್ತು ನಿಮಿಷಕ್ಕೆ ಬಂತು. ತುದಿಯನ್ನು ಮುಚ್ಚುವುದು ಹೇಗೆಂದು ಟೀಚರನ್ನು ಕೇಳಲು ಹೊರಟರೆ, ಅಗತ್ಯವಿಲ್ಲ ಎಂದರು. ಎಲ್ಲ ಕಣ್ಣುಗಳ ಒಳಗಿನಿಂದ ಒಂದು ನೂಲು ದಾಟಿಸಿ, ಚೀಲದ ಬಾಯಿಯ ಹಾಗೆ ಎಳೆದು ಕಟ್ಟಿದರು.

ವಯರಿನ ಮೇಲೆ ಹರಡಿಕೊಂಡಿದ್ದಾಗ ಟೋಪಿ ಸರಿಯಾಗಿಯೇ ಕಾಣುತ್ತಿತ್ತು. ಕಡ್ಡಿಯಿಂದ ಬಿಡಿಸಿದ ಕೂಡಲೇ ಕುಗ್ಗಿತು. ಅಪ್ಪ ಎತ್ತಿ ತಲೆಗೆ ಇಟ್ಟುಕೊಂಡರೆ ನೆತ್ತಿಯ ಮೇಲೆ ಕೂತಿತು, ಕೆಳಗೆ ಇಳಿಯಲೇ ಇಲ್ಲ. ನಾನು ನಕ್ಕುಬಿಟ್ಟೆ. ನಗಬಾರದಿತ್ತು, ನಗೆ ತಡೆಯಲಾಗಲಿಲ್ಲ. ಅಪ್ಪ ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡು ತುಂಬ ಹೊತ್ತು ನೋಡಿದರು.

"ಕೈ ಮಾತ್ರ ಹೋದದ್ದು ಎಂದುಕೊಂಡಿದ್ದೆ," ಎಂದರು. "ಲೆಕ್ಕವೂ ಹೋಗಿದೆ."

ಬಿದಿರಿನ ಕಡ್ಡಿಯನ್ನು ನನ್ನ ಕೈಗೆ ಕೊಟ್ಟರು. ಐದು ದಿನ ಮುಟ್ಟಲಿಲ್ಲ. ನನ್ನ ಬಾಯಿಗೆ ಬೆಂಕಿ ಬೀಳಲಿ ಎಂದು ನನ್ನನ್ನೇ ಶಪಿಸಿಕೊಂಡೆ. ಕುರ್ಚಿ ಮತ್ತೆ ಗೋಡೆಗೆ ತಿರುಗಿತು. ಎಷ್ಟು ಹೊತ್ತಿಗೆ ಬರುತ್ತೀ ಎಂದು ಕೇಳುವುದು ಹೆಚ್ಚಾಯಿತು, ಕಟಪಾಡಿಯ ಅಂಗಡಿಗೇ ಫೋನು ಬರತೊಡಗಿತು.

ಲೆಕ್ಕ ಎಲ್ಲಿ ತಪ್ಪಿತೆಂದು ನನಗೆ ಹೊಳೆದದ್ದು ಯಾರದೋ ರವಿಕೆಯ ತೋಳು ಅಳೆಯುತ್ತಿದ್ದಾಗ. ನಾವು ದರ್ಜಿಗಳು ಬಟ್ಟೆಯನ್ನು ಮೇಜಿನ ಮೇಲೆ ಸಡಿಲ ಹಾಸಿ ಅಳೆಯುತ್ತೇವೆ. ಬಲೆಯವರು ಹಾಗಲ್ಲ. ಬಲೆಯ ಕಣ್ಣನ್ನು ಎರಡು ಕೈಯಿಂದ ಪೂರಾ ಎಳೆದು ಹಿಡಿದು ಅಳೆಯುತ್ತಾರೆ, ಇಷ್ಟು ಇಂಚಿನ ಬಲೆ ಎಂದರೆ ಎಳೆದಾಗ ಅಷ್ಟು ಇಂಚು ಎಂದೇ ಅರ್ಥ. ಅಪ್ಪ ಆ ಉಲ್ಲನ್ ತುಂಡನ್ನೂ ಎಳೆದು ಹಿಡಿದೇ ಕಣ್ಣು ಎಣಿಸಿದ್ದರು, ಇಂಚಿಗೆ ಕಣ್ಣು ಕಡಿಮೆ ಸಿಕ್ಕಿ ಟೋಪಿ ಸಣ್ಣದಾಗಿತ್ತು. ನಾನು ಎದುರಿಗೇ ಕೂತಿದ್ದೆ, ನೋಡಿಯೂ ಇದ್ದೆ. ಲೆಕ್ಕ ತಪ್ಪಿರಲಿಲ್ಲ. ಬಲೆಗೆ ಅದೇ ಸರಿಯಾದ ಲೆಕ್ಕ.

ಬರುವುದಿಲ್ಲ ಎಂದಿದ್ದರೂ ಅಪ್ಪನನ್ನು ಒತ್ತಾಯ ಮಾಡಿ ಥೆರಪಿಗೆ ಕರೆದುಕೊಂಡು ಹೋಗುವುದನ್ನು ನಾನು ಬಿಟ್ಟಿರಲಿಲ್ಲ. ಆ ವಾರ ಮಣಿಪಾಲಕ್ಕೆ ಹೋಗುವಾಗ ಅವರಿಗೆ ಹೇಳದೆ ಟೋಪಿಯನ್ನು ಬ್ಯಾಗಿನಲ್ಲಿ ಹಾಕಿಕೊಂಡೆ. ಅವರು ಒಳಗೆ ಗೂಟ ಸಿಕ್ಕಿಸುತ್ತಿದ್ದಾಗ ಟೀಚರಿಗೆ ತೋರಿಸಿದೆ. ಅವರು ಅದನ್ನು ಒಳಗು ಹೊರಗು ಮಾಡಿ, ಎಳೆದು, ಬಿಟ್ಟು ನೋಡಿದರು. ಹೆಣಿಗೆ ಎಲ್ಲ ಕಡೆ ಒಂದೇ ಬಿಗಿ, ತಮಗೂ ಇಷ್ಟು ಸಮ ಬರುವುದಿಲ್ಲ ಎಂದರು. ಸ್ವಲ್ಪ ದೊಡ್ಡ ಮಗುವಿಗೆ ಇದು ಸರಿಯಾಗುತ್ತದೆ, ತಲೆ ತುಂಬ ಸಣ್ಣದಿರುವ ಶಿಶುಗಳಿಗೆ ಇನ್ನೂ ಸಣ್ಣದು ಬೇಕು, ಎಷ್ಟಿದ್ದರೂ ಸಾಲುವುದಿಲ್ಲ ಎಂದರು. ಟೋಪಿಯನ್ನು ನನಗೆ ವಾಪಸು ಕೊಡದೆ ತಮ್ಮ ಚೀಲದಲ್ಲೇ ಇಟ್ಟುಕೊಂಡರು.

ಬಸ್ಸಿನಲ್ಲಿ ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಎಳೆದು ಅಳೆದದ್ದನ್ನೂ, ಟೀಚರ್ ಹೇಳಿದ್ದನ್ನೂ. ನಾನು ನಕ್ಕದ್ದು ತಪ್ಪಾಯಿತು ಎಂದೂ ಹೇಳಿದೆ. ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು. ಕಟಪಾಡಿ ದಾಟಿದ ಮೇಲೆ ಕೇಳಿದರು, "ಸಣ್ಣ ತಲೆ ಎಂದರೆ ಎಷ್ಟು ಸಣ್ಣ?"

ನಾನು ಕೈಯಲ್ಲಿ ಕಿತ್ತಳೆಯಷ್ಟು ತೋರಿಸಿದೆ.

ಅಷ್ಟು ಸಣ್ಣ ಸುತ್ತಿಗೆ ಹದಿನಾರು ಇಂಚೂ ಉದ್ದವಾಗುತ್ತದೆ. ಅದಕ್ಕೂ ಟೀಚರ್ ದಾರಿ ತೋರಿಸಿದರು. ವಯರು ತುಂಬ ಉದ್ದವಿದ್ದು ಮೆತ್ತಗಿದ್ದರೆ, ನಡುವಿನಿಂದ ಕುಣಿಕೆಯ ಹಾಗೆ ಹೊರಗೆ ಎಳೆದುಕೊಂಡು, ಅರ್ಧ ಸುತ್ತು ಒಂದು ಸಲ, ಇನ್ನರ್ಧ ಇನ್ನೊಂದು ಸಲ ಹೆಣೆಯಬಹುದು. ಅಂದರೆ ನನ್ನ ನಲವತ್ತು ಇಂಚಿನದ್ದು ಈಗ ಬೇಕಾಯಿತು. ಮುಂದಾಲೋಚನೆ ಮಾಡಿಯೇ ಕೊಂಡದ್ದು ಎಂದು ನಾನು ಜಂಭ ಕೊಚ್ಚಿದೆ. ಅಪ್ಪ ನನ್ನನ್ನು ಒಮ್ಮೆ ನೋಡಿ, ಉಗುರು ಸಿಕ್ಕುವ ಆ ಜೋಡಣೆಯನ್ನು ಮರಳುಕಾಗದದಲ್ಲಿ ಉಜ್ಜಲು ಕೂತರು. ಅರ್ಧ ಸುತ್ತಿಗೊಮ್ಮೆ ವಯರನ್ನು ಎಡಗೈಯಿಂದ ಎಳೆಯಬೇಕಾಗುತ್ತಿತ್ತು. ಥೆರಪಿಯ ಹುಡುಗಿ ನೋಡಿ, ಇದನ್ನೇ ಮಾಡಿ, ಗೂಟ ಬೇಡ ಎಂದಳು. ಬಲೆಯ ಗಂಟು ಹಿಡಿಯುವ ಬಲ ಆ ಹೆಬ್ಬೆರಳಿಗೆ ಬಹುಶಃ ಬಾರದು ಎಂಬುದನ್ನೂ ಅವಳು ಅವರಿಗೇ ನೇರವಾಗಿ ಹೇಳಿದಳು. ಅಪ್ಪ ತಲೆಯಾಡಿಸಿದರು. ಅದು ಅವರಿಗೆ ನಮಗಿಂತ ಮೊದಲೇ ಗೊತ್ತಿತ್ತು.

ಒಂದು ಭಾನುವಾರ ಶೆಡ್ಡಿನ ಆ ಹಳೆಯ ಜೊತೆಗಾರ ಬಂದರು. ಅಪ್ಪನ ಮಡಿಲಲ್ಲಿ ನೂಲು, ಎರಡು ಕೈಯಲ್ಲೂ ಕಡ್ಡಿ. ಕಣ್ಣು ಮುಚ್ಚಿಕೊಳ್ಳಲು ಈ ಸಲ ಆಗಲಿಲ್ಲ, ಮುಚ್ಚಿದರೆ ಎಣಿಕೆ ತಪ್ಪುತ್ತದೆ. ಅವರು ಜಗಲಿಯ ಮೆಟ್ಟಿಲಲ್ಲಿ ಕೂತು, ಎಷ್ಟು ಕಣ್ಣು ಎಂದು ಮಾತ್ರ ಕೇಳಿದರು. ಅಪ್ಪ ಹೇಳಿದರು. ಚಹಾ ಕುಡಿದಾದ ಮೇಲೆ ಅವರು, "ಇಲ್ಲಿ ಸೆಕೆಯಲ್ಲಿ ಯಾಕೆ ಕೂತಿದ್ದಿ ಮಾರಾಯ? ಅಲ್ಲಿ ಗಾಳಿ ಉಂಟು," ಎಂದು ಎದ್ದು ಹೋದರು. ಅಪ್ಪ ಮುಂದಿನ ಸುತ್ತು ಶುರುಮಾಡಿದರು.

ಮರುದಿನ ಬೆಳಗ್ಗೆ ನಾನು ಕಟಪಾಡಿಗೆ ಹೊರಡುವಾಗ ಅಪ್ಪ ಅಂಗಿ ಹಾಕಿ, ನೂಲಿನ ಚೀಲ ಹೆಗಲಿಗೆ ಹಾಕಿಕೊಂಡು ಗೇಟಿನಲ್ಲಿ ನಿಂತಿದ್ದರು. ಇಬ್ಬರೂ ಶೆಡ್ಡಿನ ಕಡೆ ನಡೆದೆವು. ಐದು ನಿಮಿಷದ ದಾರಿ ಇಪ್ಪತ್ತು ನಿಮಿಷವಾಯಿತು. ನನಗೆ ಹೆದರಿಕೆ ಇತ್ತು. ಆ ಗಂಡಸರ ಬಾಯಿ ನನಗೆ ಗೊತ್ತು, ಗುಲಾಬಿ ಬಣ್ಣದ ಉಲ್ಲನ್ ಹಿಡಿದು ಹೋದವರನ್ನು ಅವರು ಸುಮ್ಮನೆ ಬಿಡುವವರಲ್ಲ.

ಒಳಗೆ ದಡದಿಂದ ಕೈಯಲ್ಲಿ ಎಳೆಯುವ ಕೈರಂಪಣಿಯ ಬಲೆ ಹರಡಿತ್ತು. ಎಲ್ಲರೂ ಒಮ್ಮೆ ತಲೆ ಎತ್ತಿದರು. ಆ ಹಳೆಯ ಜೊತೆಗಾರ ತಮ್ಮ ಪಕ್ಕದ ಬಲೆಯ ರಾಶಿಯನ್ನು ಕಾಲಿನಿಂದ ಆಚೆ ಸರಿಸಿದರು. ಅಪ್ಪ ಕೋಲು ಗೋಡೆಗೆ ಒರಗಿಸಿ, ಗೋಡೆ ಹಿಡಿದು ನಿಧಾನ ಕೂತರು, ಕಡ್ಡಿ ತೆಗೆದರು. ಮೂಲೆಯಿಂದ ಒಬ್ಬರು, ಅದೆಂತ ಮೀನಿಗೆ ಎಂದು ಕೇಳಿದರು. ಕೆಲವರು ನಕ್ಕರು. ಅಪ್ಪನೂ ನಕ್ಕರು. ನಾನು ಮಾತ್ರ ಬಾಗಿಲಲ್ಲಿ ನಿಂತು ನಗಲಾರದೆ ನೋಡುತ್ತಿದ್ದೆ, ಕಣ್ಣು ತುಂಬಿ ಬಂದಿತ್ತು. ಮಧ್ಯಾಹ್ನ ಎಷ್ಟು ಹೊತ್ತಿಗೆ ಕರೆದುಕೊಂಡು ಹೋಗಲು ಬರಲಿ ಎಂದು ಕೇಳಿದೆ.

ಅಪ್ಪ ಕಡ್ಡಿಯಿಂದ ಕಣ್ಣು ತೆಗೆಯಲಿಲ್ಲ. "ನೀನು ಹೋಗು," ಎಂದರು. "ನನಗೆ ಕೆಲಸ ಉಂಟು."